ದೊರೆಯ ದನ, ಗಣಿಯ ದನ

1956ರಲ್ಲಿ ಮೆಲ್ಬರ್ನ್‌ನಲ್ಲಿ ಒಲಿಂಪಿಕ್ಸ್ ನಡೆಯಿತು. ಆ ಹೊತ್ತಿನ ಆಸುಪಾಸಿನಲ್ಲೇ, ಅಲ್ಲಿಂದ ಸಾವಿರ ಕಿಲೋಮೀಟರ್ ಆಚೆ, ದಕ್ಷಿಣ ಆಸ್ಟ್ರೇಲಿಯಾದ ಬೆಂಗಾಡಿನಲ್ಲಿ ರಾಕ್ಸ್‌ಬಿ ಡೌನ್ಸ್ ಎಂಬ ಸ್ಟೇಷನ್ನಿನವರು, ಅಂದರೆ ಅಲ್ಲಿನ ದೊಡ್ಡ ಜಾನುವಾರು ಹಿಡುವಳಿಯವರು, ಜಾನುವಾರುಗಳಿಗೆ ನೀರು ನಿಲ್ಲಲೆಂದು ಒಂದು ಗೋಕಟ್ಟೆ ತೋಡಿಸಿದ್ದರು. ಆಟದ ಹುರುಪಿನಲ್ಲಿ ಅದಕ್ಕೆ ‘ಒಲಿಂಪಿಕ್ ಡ್ಯಾಂ’ ಎಂಬ ಹೆಸರು ಬಿತ್ತು. 1975ರಲ್ಲಿ ವೆಸ್ಟರ್ನ್ ಮೈನಿಂಗ್ ಕಾರ್ಪೊರೇಷನ್ ಆ ಕಟ್ಟೆಯ ಹತ್ತಿರ ನೆಲ ಕೊರೆಸಿತು. ಮುನ್ನೂರು ಮೀಟರಿಗೂ ಕೆಳಗೆ ತಾಮ್ರ, ಯುರೇನಿಯಂ, ಚಿನ್ನ ಒಟ್ಟಿಗೇ ಸಿಕ್ಕವು. 1988ರಲ್ಲಿ ಗಣಿ ಶುರುವಾಯಿತು. 2005ರಲ್ಲಿ ಅದು ಬಿಎಚ್‌ಪಿ ಕಂಪನಿಯ ಪಾಲಾಯಿತು. ಜಗತ್ತಿನ ದೊಡ್ಡ ಯುರೇನಿಯಂ ನಿಕ್ಷೇಪವೊಂದು ಇವತ್ತಿಗೂ ದನದ ಕಟ್ಟೆಯ ಹೆಸರನ್ನೇ ಹೊತ್ತಿದೆ.

ಹೆಸರಿಗಿಂತ ಸ್ವಾರಸ್ಯದ ಸಂಗತಿ ಬೇರೆ ಇದೆ. ಗಣಿಯ ಸುತ್ತಲಿನ ರಾಕ್ಸ್‌ಬಿ ಡೌನ್ಸ್, ಪರ್ಪಲ್ ಡೌನ್ಸ್, ಆಂಡಮೂಕ, ಸ್ಟುವರ್ಟ್ ಕ್ರೀಕ್ ಸ್ಟೇಷನ್ನುಗಳನ್ನು ಹಿಡಿದುಕೊಂಡವರೂ ಗಣಿಯವರೇ. ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾ ಸೀಮೆಯಲ್ಲಿ ಕಬ್ಬಿಣದ ಅದಿರು ತೆಗೆಯುವ ರಿಯೊ ಟಿಂಟೊ ಕಂಪನಿಯ ಕೈಯಲ್ಲಿ ಹ್ಯಾಮರ್ಸ್ಲಿ, ರಾಕ್ಲಿ, ಜೂನಾ ಡೌನ್ಸ್, ಯರಲೂಲ ಮುಂತಾದ ಸ್ಟೇಷನ್ನುಗಳಿವೆ. ಅಲ್ಲಿ ಬೇಲಿ ಹಾಕುತ್ತಾರೆ, ಕೊಳವೆ ಬಾವಿ ನೋಡಿಕೊಳ್ಳುತ್ತಾರೆ, ದನ ಒಟ್ಟುಗೂಡಿಸಿ ಮಾರುತ್ತಾರೆ. ಸಂಬಳ ಕೊಡುವುದು ಗಣಿ ಕಂಪನಿ.

ಚನ್ನಗಿರಿ ತಾಲ್ಲೂಕಿನ ನಲ್ಲೂರಿನ ಚಹಾದಂಗಡಿಯಲ್ಲಿ ಕುಳಿತು ಇದನ್ನು ಹೇಳಿದರೆ ನಗುವವರೇ ಹೆಚ್ಚು. ಗಣಿ ಎಂದರೆ ನಮಗೆ ನೆನಪಾಗುವುದು ಟಿಪ್ಪರು, ಕೆಂಪು ಧೂಳು, ಭೀಮಸಮುದ್ರದ ಕಡೆಯ ಕೆಟ್ಟ ರಸ್ತೆ. ಗಣಿಯೋರು ದನ ಕಾಯೋದಾ, ಎಲ್ಲಾದ್ರೂ ಉಂಟಾ? ಕೇಳಬೇಕಾದ ಪ್ರಶ್ನೆಯೇ. ಉತ್ತರ ಹುಡುಕುತ್ತ ಹೋದರೆ ಅದು ಆಸ್ಟ್ರೇಲಿಯಾದಲ್ಲಿ ಮುಗಿಯುವುದಿಲ್ಲ. ತಿರುಗಿ ನಮ್ಮ ತಾಲ್ಲೂಕಿನ ದಕ್ಷಿಣದ ಅಂಚಿಗೆ, ಅಜ್ಜಂಪುರದ ಕಾವಲಿಗೆ, ಅಂದರೆ ಮೀಸಲು ಹುಲ್ಲುಗಾವಲಿಗೆ, ತಂದು ನಿಲ್ಲಿಸುತ್ತದೆ. ಬೇರೆ ಕಸುಬಿನವರು ತಮ್ಮ ಕಸುಬಿನ ಸಲುವಾಗಿ ಸಾವಿರಾರು ಎಕರೆಯಲ್ಲಿ ದನ ಸಾಕುವ ಏರ್ಪಾಟು ಅಲ್ಲಿ ಮುನ್ನೂರು ವರ್ಷಗಳ ಹಿಂದೆಯೇ ಇತ್ತು.

ಲೀಸಿನ ನೆಲ, ಲೀಸಿನ ಹುಲ್ಲು

ಆಸ್ಟ್ರೇಲಿಯಾದ ಸ್ಟೇಷನ್ ನಮ್ಮ ಹೊಲ-ಗದ್ದೆಯಂತೆ ಖಾತೆ ಜಮೀನಲ್ಲ. ನೆಲ ಸರ್ಕಾರದ್ದು, ಮೇಯಿಸುವ ಹಕ್ಕಷ್ಟೇ ಗುತ್ತಿಗೆಗೆ ಬರುತ್ತದೆ. ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದ ಮೂರರಲ್ಲೊಂದು ಭಾಗಕ್ಕೂ ಹೆಚ್ಚು ನೆಲ ಇಂಥ ಮೇವಿನ ಗುತ್ತಿಗೆಯಲ್ಲಿದೆ. ಗುತ್ತಿಗೆಗೆ ಷರತ್ತುಗಳಿವೆ. ನೆಲವನ್ನು ಜಾನುವಾರು ಸಾಕಣೆಗೇ ಬಳಸಬೇಕು. ಎಷ್ಟು ದನ ಇರಬೇಕು, ಎಷ್ಟು ಮೀರಬಾರದು ಎಂದು ಗೊತ್ತುಪಡಿಸಲು ಒಂದು ಮಂಡಳಿಯೇ ಇದೆ. ಹುಲ್ಲು ಬೆಳೆದು ಮಾರಬೇಕೆಂದರೂ ಪ್ರತ್ಯೇಕ ಪರವಾನಗಿ ಬೇಕು.

ಆದರೆ ಹುಲ್ಲಿನ ಕೆಳಗಿನ ಅದಿರು ಗುತ್ತಿಗೆದಾರನದಲ್ಲ. ಅದಿರಿನ ಹಕ್ಕನ್ನು ಸರ್ಕಾರ ಬೇರೆಯವರಿಗೆ ಕೊಡಬಹುದು. ಕೊಟ್ಟಾಗ ದನದವನು ‘ಬೇಡ’ ಎನ್ನುವಂತಿಲ್ಲ, ಪರಿಹಾರ ಕೇಳಬಹುದು ಅಷ್ಟೇ. ಒಂದೇ ನೆಲದ ಮೇಲೆ ಒಂದರ ಮೇಲೊಂದು ಹಕ್ಕುಗಳು ಪದರ ಪದರವಾಗಿ ಕೂತಿವೆ: ಮೇವಿನದು, ಗಣಿಯದು, ಇವೆರಡಕ್ಕೂ ಮೊದಲೇ ಅಲ್ಲಿದ್ದ ಮೂಲನಿವಾಸಿಗಳದು. ಮೂರನೆಯದನ್ನು ಅಲ್ಲಿನ ಉಚ್ಚ ನ್ಯಾಯಾಲಯ 1992ರ ಮಾಬೊ ತೀರ್ಪಿನಲ್ಲಿ ಮೊದಲ ಬಾರಿಗೆ ಒಪ್ಪಿತು. ಮೇವಿನ ಗುತ್ತಿಗೆ ಕೊಟ್ಟ ಮಾತ್ರಕ್ಕೆ ಅದು ಅಳಿದುಹೋಗುವುದಿಲ್ಲ ಎಂದು 1996ರ ವಿಕ್ ತೀರ್ಪು ಹೇಳಿತು.

ಇಂಥ ಕಡೆ ಗಣಿ ನಡೆಸುವವನಿಗೆ ಸುತ್ತಲಿನ ಸ್ಟೇಷನ್ ತನ್ನದೇ ಆಗಿದ್ದರೆ ಎಷ್ಟೋ ತಲೆನೋವು ಕಳೆಯುತ್ತದೆ. ರಸ್ತೆ, ರೈಲುಹಳಿ, ವಿಮಾನಪಟ್ಟಿ, ಕೂಲಿಕಾರರ ಶಿಬಿರ, ನೀರಿನ ಕೊಳವೆ ಸಾಲು, ಹೊಸ ಅದಿರಿನ ಹುಡುಕಾಟ, ಎಲ್ಲಕ್ಕೂ ನೆರೆಯವನ ಬಾಗಿಲು ತಟ್ಟಬೇಕಾಗಿಲ್ಲ. ರೈಲಿಗೆ ದನ ಸಿಕ್ಕಿ ಸತ್ತರೆ ಜಗಳವಿಲ್ಲ, ಸತ್ತದ್ದು ತನ್ನದೇ ದನ. ನಾಳೆ ಗಣಿ ಹಿಗ್ಗಬೇಕೆಂದರೆ ಪಕ್ಕದ ನೆಲ ಕೈಯಲ್ಲೇ ಇರುತ್ತದೆ. ಗುತ್ತಿಗೆ ಉಳಿಯಬೇಕಾದರೆ ದನ ಇರಬೇಕು. ಹಾಗಾಗಿ ದನ ಇದೆ. ಕಂಪನಿಯ ವರಮಾನದ ಲೆಕ್ಕದಲ್ಲಿ ಈ ದನದ ದುಡ್ಡು ಎಲ್ಲಿದೆ ಎಂದು ಹುಡುಕಲು ಭೂತಗನ್ನಡಿ ಬೇಕಾದೀತು. ಅವು ಅಲ್ಲಿ ಮೇಯುತ್ತಿರುವುದು ಮಾಲೀಕನ ಪರವಾಗಿ ನೆಲ ಹಿಡಿದುಕೊಳ್ಳಲು.

ನೀರಿನ ಕತೆ ಇನ್ನೂ ವಿಚಿತ್ರ. ಪಿಲ್ಬರಾ ಒಣಸೀಮೆ, ಒಂದು ದನಕ್ಕೆ ನೂರು ಎಕರೆ ಕೊಟ್ಟರೂ ಹೊಟ್ಟೆ ತುಂಬುವುದು ಕಷ್ಟವೆನ್ನುವ ಜಾಗಗಳಿವೆ. ಅಂಥಲ್ಲಿ ಗಣಿ ಮಾತ್ರ ನೀರಿನಲ್ಲಿ ಮುಳುಗುತ್ತದೆ. ಗುಂಡಿ ಅಂತರ್ಜಲದ ಮಟ್ಟಕ್ಕಿಂತ ಕೆಳಗಿಳಿದ ಮೇಲೆ ಅಗೆತ ಮುಂದುವರಿಯಬೇಕಾದರೆ ಸುತ್ತಲಿನ ನೀರನ್ನು ಹಗಲಿರುಳು ಎತ್ತಿ ಹೊರಹಾಕಬೇಕು. ರಿಯೊ ಟಿಂಟೊದ ಮರಂಡೂ ಗಣಿಯಲ್ಲಿ ಹೀಗೆ ಎತ್ತಿದ ನೀರನ್ನು ಏನು ಮಾಡುವುದೆಂದು ಯೋಚಿಸಿ, ಪಕ್ಕದ ಹ್ಯಾಮರ್ಸ್ಲಿ ಸ್ಟೇಷನ್ನಿನಲ್ಲಿ ಹುಲ್ಲು ಬೆಳೆಯಲು ಹೊರಟರು. ನಡುವಿನ ಗೂಟಕ್ಕೆ ಕಟ್ಟಿದ ಉದ್ದನೆಯ ನೀರುಕೊಳವೆ ಚಕ್ರಗಳ ಮೇಲೆ ಸುತ್ತುತ್ತ ನೀರು ಚಿಮುಕಿಸುತ್ತದೆ. ಮೇಲಿಂದ ನೋಡಿದರೆ ಕೆಂಪು ನೆಲದಲ್ಲಿ ಹಸಿರು ವೃತ್ತಗಳು. ಬೆಳೆಯುವುದು ರೋಡ್ಸ್ ಹುಲ್ಲು. ಕೊಯ್ದು, ಒಣಗಿಸಿ, ಸುರುಳಿ ಕಟ್ಟಿ ದನಕ್ಕೆ ಹಾಕುತ್ತಾರೆ, ಮಾರುತ್ತಾರೆ.

ಓದಲು ಚೆಂದ. ಆದರೆ ಗಣಿ ಮುಗಿದ ದಿನ ಪಂಪು ನಿಲ್ಲುತ್ತದೆ, ಪಂಪು ನಿಂತ ಮೇಲೆ ಹುಲ್ಲು ನಿಲ್ಲುತ್ತದೆ. ನೆಲದಡಿ ಎಷ್ಟೋ ಕಾಲದಿಂದ ಕೂಡಿದ ನೀರನ್ನು ಕೆಲವು ದಶಕಗಳಲ್ಲಿ ಮೇಲೆತ್ತಿ ಸುರಿಯುವ ಈ ಹಸಿರನ್ನು ಒಕ್ಕಲುತನ ಎನ್ನಲು ನನಗೆ ಮನಸ್ಸು ಬಾರದು. ಭದ್ರಾ ನಾಲೆಗೆ ನೀರು ಬಿಡುವ ತಾರೀಖಿಗೆ ಕಾಯುವ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಳ್ಳೆಯದೂ ಸ್ವಲ್ಪ ನಡೆದಿದೆ ಎನ್ನಬೇಕು. ಒಲಿಂಪಿಕ್ ಡ್ಯಾಂ ಪಕ್ಕದಲ್ಲಿ 1997ರಲ್ಲಿ ಗಣಿ ಕಂಪನಿ, ಸರ್ಕಾರ, ಅಡಿಲೇಡ್ ವಿಶ್ವವಿದ್ಯಾಲಯ, ಸ್ಥಳೀಯರು ಸೇರಿ ‘ಆ್ಯರಿಡ್ ರಿಕವರಿ’ ಎಂಬ ರಕ್ಷಿತ ಪ್ರದೇಶ ಮಾಡಿದರು. 123 ಚದರ ಕಿಲೋಮೀಟರಿಗೆ ಬೇಲಿ ಹಾಕಿ, ಹೊರಗಿನಿಂದ ಬಂದು ಸೇರಿಕೊಂಡಿದ್ದ ಮೊಲ, ಬೆಕ್ಕು, ನರಿಗಳನ್ನು ಹೊರಗಟ್ಟಿ, ಆ ಸೀಮೆಯಿಂದ ಕಣ್ಮರೆಯಾಗಿದ್ದ ಬಿಲ್ಬಿ, ಬೆಟಾಂಗ್‌ನಂಥ ಪುಟ್ಟ ಪ್ರಾಣಿಗಳನ್ನು ಮತ್ತೆ ತಂದು ಬಿಟ್ಟರು. ಬೇಲಿಯ ಒಳಗೂ ಹೊರಗೂ ಗಿಡ ಚಿಗುರುವ ರೀತಿಯೇ ಬೇರೆಯಾಯಿತು. ಹಾಗೆಂದು ಅದೇ ಗಣಿ ಲೇಕ್ ಐರ್ ಕಡೆಯ ಕೊಳವೆ ಬಾವಿಗಳಿಂದ ಅಂತರ್ಜಲ ಹೀರುವುದು ನಿಂತಿಲ್ಲ. ಅಲ್ಲಿನ ನೈಸರ್ಗಿಕ ಚಿಲುಮೆಗಳು ಬತ್ತುವ ಆತಂಕವನ್ನು ಮೂಲನಿವಾಸಿ ಅರಬಾನಾ ಜನ ಹೇಳುತ್ತಲೇ ಬಂದಿದ್ದಾರೆ.

ಹತ್ತು ಎತ್ತಿಗೆ ಒಂದು ಪಾಲು

ಗಣಿ ಕಂಪನಿ ದನಕ್ಕೆ ಕೈಹಾಕಿತು ಎನ್ನುವುದಕ್ಕಿಂತ ಅಲ್ಲಿನ ಗಣಿ ಹುಟ್ಟಿದ್ದೇ ದೊಡ್ಡಿಯಲ್ಲಿ ಎನ್ನುವುದು ಸತ್ಯಕ್ಕೆ ಹತ್ತಿರ. 1883ರಲ್ಲಿ ಮೌಂಟ್ ಗಿಪ್ಸ್ ಎಂಬ ಕುರಿ ಸ್ಟೇಷನ್ನಿನಲ್ಲಿ ಬೇಲಿ-ಗಡಿ ನೋಡಿಕೊಳ್ಳುತ್ತಿದ್ದ ಚಾರ್ಲ್ಸ್ ರಾಸ್ಪ್ ಎಂಬಾತನಿಗೆ ಒಂದು ಮುರುಕು ಗುಡ್ಡದ ಕಲ್ಲು ಬೇರೆ ಥರ ಕಂಡಿತು. ಸ್ಟೇಷನ್ನಿನ ವ್ಯವಸ್ಥಾಪಕನೂ ಸೇರಿ ಏಳು ಮಂದಿ ನೌಕರರು ಕೂಡಿ ಆ ಜಾಗಕ್ಕೆ ಹಕ್ಕು ಗೂಟ ನೆಟ್ಟರು. ಒಳಗಿದ್ದುದು ಬೆಳ್ಳಿ, ಸೀಸ, ಸತು. ಗುಡ್ಡದ ಹೆಸರು ಬ್ರೋಕನ್ ಹಿಲ್. 1885ರಲ್ಲಿ ಹುಟ್ಟಿದ ‘ಬ್ರೋಕನ್ ಹಿಲ್ ಪ್ರೊಪ್ರೈಟರಿ’ ಕಂಪನಿಯೇ ಇಂದಿನ ಬಿಎಚ್‌ಪಿ. ಕುರಿ ಕಾಯುವವರ ಚೀಟಿ ವ್ಯವಹಾರ ಜಗತ್ತಿನ ಅತಿ ದೊಡ್ಡ ಗಣಿ ಕಂಪನಿಗಳಲ್ಲಿ ಒಂದಾಯಿತು.

ಆ ಕಾಲದಲ್ಲಿ ಸಿಡ್ನಿ ಕಿಡ್ಮನ್ ಎಂಬ ದನದ ವ್ಯಾಪಾರಿ ಹತ್ತು ಎತ್ತು ಕೊಟ್ಟು ಈ ಗಣಿಯ ಹದಿನಾಲ್ಕರಲ್ಲೊಂದು ಪಾಲು ಪಡೆದಿದ್ದ. ಸ್ವಲ್ಪ ಲಾಭ ಸಿಕ್ಕೊಡನೆ ಮಾರಿಬಿಟ್ಟ. ಇಟ್ಟುಕೊಂಡಿದ್ದರೆ ಕೋಟ್ಯಧೀಶನಾಗುತ್ತಿದ್ದ ಎಂದು ಅಲ್ಲಿನವರು ಇಂದಿಗೂ ಹೇಳಿಕೊಳ್ಳುತ್ತಾರೆ. ಅವನೇನೂ ಬಡವನಾಗಿ ಸಾಯಲಿಲ್ಲ. ಬರ ಬಂದಾಗ ಒಂದು ಕಡೆಯಿಂದ ಇನ್ನೊಂದು ಕಡೆಗೆ ದನ ಹೊಡೆದುಕೊಂಡು ಹೋಗಲು ಅನುಕೂಲವಾಗುವಂತೆ, ನದಿಪಾತ್ರಗಳ ಗುಂಟ ಸಾಲಾಗಿ ಸ್ಟೇಷನ್ನುಗಳನ್ನು ಕೊಳ್ಳುತ್ತ ಹೋದ. 1899ರಲ್ಲಿ ಕಟ್ಟಿದ ಅವನ ಕಂಪನಿ ಖಂಡದ ಅತಿ ದೊಡ್ಡ ಭೂಹಿಡುವಳಿಯಾಯಿತು.

2016ರಲ್ಲಿ ಆ ಕಂಪನಿಯೇ ಮಾರಾಟಕ್ಕೆ ಬಂತು. ಆ ವರ್ಷದ ಡಿಸೆಂಬರಿನಲ್ಲಿ ಕಬ್ಬಿಣದ ಅದಿರಿನ ಒಡತಿ ಜೀನಾ ರೈನ್‌ಹಾರ್ಟ್ ಅವರ ಹ್ಯಾಂಕಾಕ್ ಪ್ರಾಸ್ಪೆಕ್ಟಿಂಗ್ ಚೀನಾದ ಪಾಲುದಾರರೊಂದಿಗೆ ಸೇರಿ 38.65 ಕೋಟಿ ಆಸ್ಟ್ರೇಲಿಯನ್ ಡಾಲರಿಗೆ ಕೊಂಡಿತು. ಮೂರರಲ್ಲಿ ಎರಡು ಪಾಲು ಆಕೆಯದು. ಕೈಬದಲಾದ ನೆಲ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಆಕೆಯ ತಂದೆ ಲ್ಯಾಂಗ್ ಹ್ಯಾಂಕಾಕ್ ಕೂಡ ಪಿಲ್ಬರಾದ ಸ್ಟೇಷನ್ನಿನಲ್ಲೇ ಬೆಳೆದವರು. 1952ರಲ್ಲಿ ಮಳೆಮೋಡಕ್ಕೆ ಸಿಕ್ಕಿ ಸಣ್ಣ ವಿಮಾನವನ್ನು ಕಮರಿಯೊಳಗೆ ತಗ್ಗಿಸಿ ಹಾರಿಸುವಾಗ ಕಬ್ಬಿಣದ ಗೋಡೆಗಳು ಕಂಡವು ಎಂಬುದು ಅವರೇ ಹೇಳುತ್ತಿದ್ದ ಕತೆ. ಕತೆಯಲ್ಲಿ ಎಷ್ಟು ನಿಜ ಎಂಬ ಚರ್ಚೆ ಅಲ್ಲಿ ಇನ್ನೂ ನಡೆಯುತ್ತದೆ. ದನದ ಮನೆಯಿಂದ ಗಣಿಗೆ ಹೋದ ಹಣ ಮಗಳ ಕಾಲಕ್ಕೆ ದನಕ್ಕೇ ಮರಳಿತು.

ಈ ಹಾದಿಯಲ್ಲಿ ದನ ಕಾದವರ ಹೆಸರು ಎಲ್ಲಿದೆ? ಪಿಲ್ಬರಾದ ಸ್ಟೇಷನ್ನುಗಳು ನಡೆದದ್ದೇ ಮೂಲನಿವಾಸಿಗಳ ದುಡಿಮೆಯಿಂದ. ಕೂಲಿಯೆಂದರೆ ಹಿಟ್ಟು, ಸಕ್ಕರೆ, ಚಹಾಪುಡಿ, ಒಂದಿಷ್ಟು ಬಟ್ಟೆ. ಕೈಗೆ ಕಾಸು ಬಂದರೆ ಅದೃಷ್ಟ. 1946ರ ಮೇ 1ರಂದು ಸುಮಾರು 800 ಮಂದಿ ಒಮ್ಮೆಗೇ ಕೆಲಸ ಬಿಟ್ಟು ಹೊರಬಂದರು. ನೂರಾರು ಮೈಲಿಗಳಲ್ಲಿ ಹರಡಿದ್ದವರಿಗೆ ಆ ದಿನ ತಿಳಿಸಿದ್ದು ಹೇಗೆ? ಡೂಲಿ ಬಿನ್‌ಬಿನ್ ಎಂಬ ಮುಂದಾಳು ದಿನಕ್ಕೊಂದು ಗುರುತು ಹೊಡೆಯುವ ಪಂಚಾಂಗದ ಚೀಟಿಗಳನ್ನು ಸ್ಟೇಷನ್ನಿಂದ ಸ್ಟೇಷನ್ನಿಗೆ ಹಂಚಿಕೊಂಡು ಬಂದಿದ್ದ. ಕ್ಲ್ಯಾನ್ಸಿ ಮೆಕೆನ್ನಾ, ಡಾನ್ ಮೆಕ್ಲಾಯ್ಡ್ ಜೊತೆಗಿದ್ದರು. ಬಂಧನಗಳಾದವು. ಹೋರಾಟ ಮೂರು ವರ್ಷ ಮುರಿಯಲಿಲ್ಲ.

ಆ ಮೂರು ವರ್ಷ ಹೊಟ್ಟೆಗೇನು ಮಾಡಿದರು? ಗಣಿ ಕೆಲಸ. ಹೊಳೆಮರಳಿನಿಂದ ತವರದ ಅದಿರು ತೆಗೆದರು. ಅವರ ಹೆಂಗಸರು ಹುಲ್ಲಿನ ಬೀಜ ಹಸನು ಮಾಡುತ್ತಿದ್ದ ಮರದ ತಟ್ಟೆಯನ್ನು ನಮ್ಮವರು ಮೊರದಲ್ಲಿ ಕೇರುವಂತೆ ಕುಲುಕಿ ಮರಳಿನಿಂದ ಅದಿರು ಬೇರ್ಪಡಿಸಿದರು. ಕಂಪನಿಗಳ ಯಂತ್ರ ಬಿಟ್ಟುಹೋದ ಜಾಗದಲ್ಲೂ ಅವರ ಕೈಗೆ ಅದಿರು ಸಿಕ್ಕಿತು. 1950ರ ದಶಕದಲ್ಲಿ ಅವರು ತಮ್ಮದೇ ಗಣಿ ಕಂಪನಿ ಕಟ್ಟಿ, ಬಂದ ಹಣದಲ್ಲಿ ಸ್ಟೇಷನ್ನುಗಳನ್ನು ಕೊಂಡರು. ಯಾಂಡೆಯರಾ ಅವುಗಳಲ್ಲಿ ಒಂದು. ಗಣಿ ಕಂಪನಿ ದನ ಸಾಕುವುದಕ್ಕೆ ನಾನು ಕೇಳಿದ ಉದಾಹರಣೆಗಳಲ್ಲಿ ದನಕ್ಕಾಗಿಯೇ, ನೆಲದ ಮೇಲೆ ನಿಲ್ಲುವುದಕ್ಕಾಗಿಯೇ ಅದನ್ನು ಮಾಡಿದವರು ಇವರೊಬ್ಬರೇ.

ದೊಡ್ಡ ಕಂಪನಿಗಳ ಲೆಕ್ಕಾಚಾರದಲ್ಲಿ ಮೂಲನಿವಾಸಿಗಳ ಆ ಮೂರನೇ ಪದರದ ಹಕ್ಕು ಎಷ್ಟು ತೆಳು ಎಂಬುದು 2020ರ ಮೇ ತಿಂಗಳಲ್ಲಿ ಜಗತ್ತಿಗೇ ಕಂಡಿತು. ಪಿಲ್ಬರಾದ ಜೂಕನ್ ಕಮರಿಯಲ್ಲಿ 46,000 ವರ್ಷಗಳಷ್ಟು ಹಿಂದೆಯೇ ಮನುಷ್ಯರು ತಂಗಿದ್ದ ಗುಹೆಗಳನ್ನು ರಿಯೊ ಟಿಂಟೊ ಅದಿರಿಗಾಗಿ ಸ್ಫೋಟಿಸಿತು. ಕಾನೂನಿನ ಪರವಾನಗಿ ಅದರ ಬಳಿ ಇತ್ತು. ಗಲಾಟೆ ಎದ್ದ ಮೇಲೆ ಮುಖ್ಯಸ್ಥ ಹುದ್ದೆ ಬಿಡಬೇಕಾಯಿತು.

ಫಿರಂಗಿ ಎಳೆಯುವ ಎತ್ತು

ಈಗ ನಮ್ಮ ಕಡೆಗೆ. ಮೈಸೂರಿನ ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673–1704) ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ಮಾಡಿ, ರಾಜ್ಯದ ಬೇರೆ ಬೇರೆ ಕಡೆ ಹುಲ್ಲುಗಾವಲುಗಳನ್ನು ಅರಮನೆಯ ದನಕ್ಕೆಂದು ಮೀಸಲಿಟ್ಟರು. ಹೈದರಾಲಿಯ ಕಾಲಕ್ಕೆ ಆ ದನದ ಕೆಲಸ ಬದಲಾಯಿತು: ಬೆಣ್ಣೆಗಿಂತ ಫಿರಂಗಿ ಮುಖ್ಯವಾಯಿತು. ಟಿಪ್ಪು ಅದಕ್ಕೆ ‘ಅಮೃತ್ ಮಹಲ್’ ಎಂದು ಹೆಸರಿಟ್ಟು, ದನದ ಎಣಿಕೆ, ಮೇವು, ತಳಿ, ಪಳಗಿಸುವ ಕ್ರಮ ಎಲ್ಲಕ್ಕೂ ಕಟ್ಟುನಿಟ್ಟಿನ ಹುಕುಂನಾಮೆ ಹೊರಡಿಸಿದ. ಹೈದರನ ಸೈನ್ಯ ಈ ಎತ್ತುಗಳ ಬಲದಿಂದ ಚಿದಂಬರಕ್ಕೆ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿತ್ತು ಎಂದು ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ದಾಖಲಿಸುತ್ತದೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ದನ ಬ್ರಿಟಿಷರ ಸೈನ್ಯದ ಲೆಕ್ಕಕ್ಕೆ ಹೋಯಿತು.

ಮೈಸೂರು ದೊರೆಗಳ ಸೈನ್ಯ ಇಲ್ಲಿ ನಡೆಸಿದ್ದು ಆಸ್ಟ್ರೇಲಿಯಾದ ಗಣಿಗಳು ನಡೆಸುವಂಥದೇ ಸ್ಟೇಷನ್ನುಗಳನ್ನು. ಕಸುಬು ಬೇರೆ, ಕ್ರಮ ಒಂದೇ. ಕ್ರಮದ ಮಟ್ಟಿಗೆ ದೊರೆಯ ಜನ ಒಂದು ಕೈ ಮೇಲು ಎನ್ನುವೆ. ಕಾವಲುಗಳಲ್ಲಿ ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂಬ ವಿಂಗಡಣೆ ಇತ್ತು. ನೀರು-ನೆರಳು ಉಳಿಯುವ ಕೆರೆಯಂಗಳದ ಕಾವಲು ಬೇಸಿಗೆಗೆ. ಮಳೆ ಬಿದ್ದೊಡನೆ ಚಿಗುರುವ ಬಯಲು ಮಳೆಗಾಲಕ್ಕೆ. ಸೇರ್ವೆಗಾರರೆಂಬ ಮೇಲ್ವಿಚಾರಕರ ಕೈಕೆಳಗೆ ಹಿಂಡುಗಳು ಋತುವಿಗೆ ತಕ್ಕಂತೆ ಒಂದು ಕಾವಲಿನಿಂದ ಇನ್ನೊಂದಕ್ಕೆ ಸಾಗುತ್ತಿದ್ದವು. ಒಂದು ಕಡೆ ಮೇದ ಹುಲ್ಲಿಗೆ ಮತ್ತೆ ಬೀಜಕಟ್ಟಲು ಬಿಡುವು ಸಿಗುತ್ತಿತ್ತು. ಕಿಡ್ಮನ್ ನದಿಗುಂಟ ಸ್ಟೇಷನ್ ಕೊಂಡದ್ದೂ ಇದೇ ಲೆಕ್ಕದಲ್ಲಿ, ಆದರೆ ಎರಡು ಶತಮಾನ ತಡವಾಗಿ.

ಸೈನ್ಯಕ್ಕೆ ಎತ್ತು ಬೇಕಾಗಿದ್ದುದು ಫಿರಂಗಿಗೆ ಮಾತ್ರವಲ್ಲ. ದವಸ, ಉಪ್ಪು ಹೊರುವ ಎತ್ತಿನ ಹಿಂಡುಗಳು ಲಂಬಾಣಿಗರವು, ಅಂದರೆ ಬಂಜಾರರವು. 1791–92ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಮೇಲೆ ಬಂದಾಗ ಅವನ ದಂಡು ಹಸಿವಿನಿಂದ ಉಳಿದದ್ದು ಬಂಜಾರರ ಧಾನ್ಯದ ಹೇರಿನಿಂದ. ಆ ಸಮುದಾಯದ ಆರಾಧ್ಯ ಸಂತ ಸೇವಾಲಾಲರು ಹುಟ್ಟಿದ್ದು 1739ರಲ್ಲಿ, ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಎಂಬುದು ನಂಬಿಕೆ. ಫೆಬ್ರುವರಿಯಲ್ಲಿ ಅಲ್ಲಿಗೆ ದೇಶದ ನಾನಾ ಕಡೆಯ ತಾಂಡಾಗಳಿಂದ ಜನ ಬರುತ್ತಾರೆ. ರಸ್ತೆ, ರೈಲು ಬಂದು ಹೇರೆತ್ತಿನ ಕಸುಬು ನಿಂತಾಗ ಆ ಜನರ ಪಾಡೇನಾಯಿತು ಎಂಬುದಕ್ಕೆ ಪುಟಗಟ್ಟಲೆ ಬೇಕು. ಎತ್ತಿನ ಜೊತೆಗೆ ಅವರಿಗಿದ್ದ ಹುಲ್ಲಿನ ಹಾದಿಯೂ ಹೋಯಿತು ಎಂದಷ್ಟೇ ಇಲ್ಲಿ ಹೇಳಬಲ್ಲೆ.

ಅಮೃತ್ ಮಹಲಿಗೂ ಅದೇ ಗತಿ ಕಾದಿತ್ತು. 1860ರಲ್ಲಿ ಮದರಾಸು ಸರ್ಕಾರ ಖರ್ಚು ಹೆಚ್ಚೆಂದು ಇಡೀ ಹಿಂಡನ್ನೇ ಮಾರಿಬಿಟ್ಟಿತು. ಒಳ್ಳೊಳ್ಳೆಯ ದನ ಈಜಿಪ್ಟಿನ ದೊರೆಯ ಪಾಲಾಯಿತು. ಸೈನ್ಯಕ್ಕೆ ತಕ್ಕ ಎತ್ತು ಬೇರೆಲ್ಲೂ ಸಿಗದೆ 1866ರಲ್ಲಿ ಮತ್ತೆ ಹಿಂಡು ಕಟ್ಟಬೇಕಾಯಿತು. 1880ರ ದಶಕದ ಮೊದಲಿಗೆ ಅದು ಮೈಸೂರು ಸರ್ಕಾರದ ಕೈಗೆ ಬಂತು. 1929ರಿಂದ ಅಜ್ಜಂಪುರ ತಳಿ ಸಂವರ್ಧನೆಯ ಕೇಂದ್ರ. ಬೂದು ಮೈ, ಹಿಂದಕ್ಕೆ ಬಾಗಿ ಮೇಲೆದ್ದ ಚೂಪುಕೊಂಬು, ಹೊಸಬರು ಹತ್ತಿರ ಹೋದರೆ ಬುಸುಗುಡುವ ಸ್ವಭಾವ. ಹಾಲು ಕರುವಿಗೆ ಸಾಕಾಗುವಷ್ಟೇ. ಸೈನ್ಯಕ್ಕೆ ಮೋಟಾರು ಬಂತು, ಹೊಲಕ್ಕೆ ಟ್ರ್ಯಾಕ್ಟರ್ ಬಂತು. ಹಾಲೂ ಕೊಡದ, ಬಂಡಿಗೂ ಬೇಡದ ದನಕ್ಕೆ ಸಾವಿರಾರು ಎಕರೆ ಯಾಕೆ ಎಂಬ ಪ್ರಶ್ನೆ ಕಚೇರಿಗಳಲ್ಲಿ ಎದ್ದಿತು. ಎದ್ದ ಮೇಲೆ ಕಾವಲು ಕರಗುತ್ತ ಹೋಯಿತು: ಆಹಾರ ಬೆಳೆಯಲು, ಪುನರ್ವಸತಿಗೆ, ನೆಡುತೋಪಿಗೆ, ಒತ್ತುವರಿಗೆ.

ಇತ್ತೀಚಿನ ದೊಡ್ಡ ತುಂಡು ಚಳ್ಳಕೆರೆಯದು. ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳಲ್ಲಿ ಹತ್ತಿರ ಹತ್ತಿರ 10,000 ಎಕರೆ ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಪರಮಾಣು ಸಂಶೋಧನಾ ಕೇಂದ್ರ, ಇಸ್ರೊ ಮುಂತಾದವುಗಳಿಗೆ ಹೋಯಿತು. ಡಿಆರ್‌ಡಿಒಗೇ 4,290 ಎಕರೆ. ಗೋಡೆ ಎದ್ದ ಮೇಲೆ ಕುರಿ-ದನದವರಿಗೆ ಹಾದಿ ಮುಚ್ಚಿತು. ಕುರಿಯಿಂದ ಉಣ್ಣೆ, ಉಣ್ಣೆಯಿಂದ ಕಂಬಳಿ ಎಂಬ ಚಳ್ಳಕೆರೆಯ ಸರಪಳಿ ಆ ಹುಲ್ಲಿನ ಮೇಲೆ ನಿಂತಿತ್ತು. ಹಳ್ಳಿಯವರೂ ಪರಿಸರ ಸಂಘಟನೆಯವರೂ ಹಸಿರು ನ್ಯಾಯಮಂಡಳಿಯವರೆಗೆ ಹೋದರು. ದೊರೆಯ ಕಾಲದಲ್ಲಿ ದನ ಯುದ್ಧಕ್ಕೆ ಬೇಕಿತ್ತು, ಕಾವಲು ಉಳಿಯಿತು. ನಮ್ಮ ಕಾಲದಲ್ಲಿ ಯುದ್ಧಕ್ಕೆ ಬೇಕಾದದ್ದು ವಿಮಾನ ಪರೀಕ್ಷೆಯ ಬಯಲು.

ಕಡೂರು ಸೀಮೆಯ ಬಾಸೂರು ಕಾವಲು ಮಾತ್ರ 2011ರಲ್ಲಿ ಸಂರಕ್ಷಿತ ಮೀಸಲು ಎಂದು ಘೋಷಣೆಯಾಗಿ ಒಂದಿಷ್ಟು ಭದ್ರವಾಯಿತು. ಕೃಷ್ಣಮೃಗ, ತೋಳಗಳ ನೆಪದಲ್ಲಿ ಹುಲ್ಲು ಬದುಕಿತು ಎನ್ನಬಹುದು. ಹುಲ್ಲಿಗೆ ಯಾವಾಗಲೂ ಯಾರದಾದರೂ ನೆಪ ಬೇಕೇ ಬೇಕು.

ಹನ್ನೆರಡು ಗುಂಟೆ

ನಮ್ಮ ಗಣಿ ಕಂಪನಿಗಳು ದನ ಸಾಕುವುದಿಲ್ಲ ಯಾಕೆ? ಅವರಿಗೆ ಅಗತ್ಯವೇ ಬೀಳುವುದಿಲ್ಲ, ಅದಕ್ಕೆ. ಇಲ್ಲಿ ಗಣಿಗುತ್ತಿಗೆ ಸಾಮಾನ್ಯವಾಗಿ ಹತ್ತಾರು, ಇಲ್ಲವೇ ಕೆಲವು ನೂರು ಹೆಕ್ಟೇರಿನದು. ಅದರ ಸುತ್ತ ಹಿಡಿದುಕೊಳ್ಳಲು ಖಾಲಿ ಸ್ಟೇಷನ್ ಇಲ್ಲ. ಒಂದು ಬದಿ ಅರಣ್ಯ, ಇನ್ನೊಂದು ಬದಿ ಜನರ ಹೊಲ. ಮೇವಿನ ನೆಲ ಎಂದು ಕಾನೂನು ಗುರುತಿಸುವುದು ಗೋಮಾಳವನ್ನು. ಕರ್ನಾಟಕ ಭೂಕಂದಾಯ ನಿಯಮಗಳ 97ನೇ ನಿಯಮದ ಪ್ರಕಾರ ಹಳ್ಳಿಯ ಪ್ರತಿ ನೂರು ದನಕ್ಕೆ 12 ಹೆಕ್ಟೇರ್ ಬಿಡಬೇಕು. ನಮ್ಮ ಲೆಕ್ಕದಲ್ಲಿ ದನವೊಂದಕ್ಕೆ ಹೆಚ್ಚುಕಡಿಮೆ ಹನ್ನೆರಡು ಗುಂಟೆ. ದನ ಕಡಿಮೆಯಾದರೆ ಗೋಮಾಳ ‘ಹೆಚ್ಚುವರಿ’ಯಾಗುತ್ತದೆ, ಹೆಚ್ಚುವರಿಯಾದದ್ದನ್ನು ಬೇರೆ ಕೆಲಸಕ್ಕೆ ಕೊಡಲು ದಾರಿಯಿದೆ. ಪಿಲ್ಬರಾದಲ್ಲಿ ನೆಲ ಉಳಿಸಿಕೊಳ್ಳಲು ದನ ಇಡುತ್ತಾರೆ. ಇಲ್ಲಿ ದನ ಹೋದದ್ದನ್ನು ತೋರಿಸಿ ನೆಲ ಪಡೆಯುತ್ತಾರೆ.

ಚನ್ನಗಿರಿ ಸೀಮೆಯಲ್ಲಿ ಆ ಕೆಲಸವನ್ನು ಗಣಿಗಿಂತ ಮೊದಲೇ ಅಡಿಕೆ ಮಾಡಿದೆ. ನಲ್ಲೂರಿನ ಸುತ್ತ ತೋಟ ಹಬ್ಬಿದಷ್ಟೂ ಉಳುವ ಎತ್ತು ಇಳಿದಿದೆ. ಚನ್ನಗಿರಿಯ ಅಡಿಕೆ ಮಾರಾಟ ಸಹಕಾರ ಸಂಘ ತುಮ್ಕೋಸ್‌ನಲ್ಲಿ ಇವತ್ತು ರಾಶಿ ಅಡಿಕೆ ಕ್ವಿಂಟಲಿಗೆ ಏನು ರೇಟು ಎಂಬುದು ಮಗುವಿಗೂ ಗೊತ್ತು. ಗೋಮಾಳದ ಸರ್ವೆ ನಂಬರ್ ಗೊತ್ತಿರುವವರು ಒತ್ತುವರಿ ಮಾಡಿದವರು ಮಾತ್ರ. ಗಣಿಯವರನ್ನು ಬೈಯುವಾಗ ಇದನ್ನೂ ಮರೆಯಬಾರದು.

ಆದರೂ ಗಣಿಯ ಮಾತು ನಮಗೆ ದೂರದ್ದಲ್ಲ. ಹೊನ್ನಾಳಿ–ನ್ಯಾಮತಿ ಸೀಮೆಯ ಪಲವನಹಳ್ಳಿ, ಕುದುರೆಕೊಂಡದ ಕಡೆ ಹಳೆಯ ಚಿನ್ನದ ಅಗೆತದ ಕುರುಹುಗಳಿವೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲೆಲ್ಲ ಓಡಾಡಿ ಬರೆದಿದ್ದಾರೆ. ಪೂರ್ವಕ್ಕೆ ಚಿತ್ರದುರ್ಗದ ಕಬ್ಬಿಣ. ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ವಿರುದ್ಧ ಧಾರವಾಡದ ಸಮಾಜ ಪರಿವರ್ತನ ಸಮುದಾಯ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ಬಳ್ಳಾರಿಯ, ಆಗಸ್ಟಿನಲ್ಲಿ ಚಿತ್ರದುರ್ಗ-ತುಮಕೂರಿನ ಗಣಿಗಳನ್ನು ನಿಲ್ಲಿಸಿತು. ಮತ್ತೆ ಶುರುಮಾಡಲು ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ಕಡ್ಡಾಯವಾಯಿತು, ಅದಿರಿಗೆ ವಾರ್ಷಿಕ ಮಿತಿ ಬಂತು. ಮಣ್ಣಿನ ಗುಡ್ಡೆ ಜಾರದಂತೆ ತಡೆಗೋಡೆ, ಹೂಳು ತಡೆಯುವ ಕಟ್ಟೆ, ಮೇಲೆ ಗಿಡ. ಈ ಗಿಡ ಎಂಬುದು ಹೆಚ್ಚಾಗಿ ಅಕೇಶಿಯಾ, ಸರ್ವೆ, ಗ್ಲಿರಿಸಿಡಿಯಾ. ಫೋಟೊದಲ್ಲಿ ಹಸಿರಾಗಿ ಕಾಣುತ್ತದೆ, ನಿಜ. ಅಕೇಶಿಯಾದ ಅಡಿ ಬಿದ್ದ ತರಗಿನಲ್ಲಿ ದನ ಬಾಯಿಡಲು ಏನಿರುತ್ತದೆ?

2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಗಣಿಗಳು ರಾಜಧನದ ಮೇಲೆ ಹೆಚ್ಚುವರಿ ಪಾಲು ಕಟ್ಟಬೇಕು: ಹಳೆಯ ಗುತ್ತಿಗೆಯವರು ಶೇ 30, ಹರಾಜಿನಲ್ಲಿ ಪಡೆದವರು ಶೇ 10. ಈ ಹಣ ಗಣಿಬಾಧಿತ ಹಳ್ಳಿಗಳಿಗೆಂದೇ ಇರುವುದು. ಕುಡಿಯುವ ನೀರು, ಶಾಲೆ, ಆಸ್ಪತ್ರೆ ಆದ್ಯತೆಯ ಪಟ್ಟಿಯಲ್ಲಿವೆ, ಇರಲೇಬೇಕು. ಅದರಲ್ಲಿ ಒಂದು ತುಣುಕು ಗೋಮಾಳದ ಗಡಿ ಅಳೆಸಿ ಕಲ್ಲು ನೆಡಲು, ಗೋಕಟ್ಟೆಯ ಹೂಳೆತ್ತಲು ಹೋದರೆ ಯಾರೂ ಬಡವಾಗರು.

ದನಕ್ಕೆ ಬೇಡಿಕೆಯೇ ಇಲ್ಲ ಎನ್ನುವವರು ದೀಪಾವಳಿ ಕಳೆದ ಮೇಲೆ ಹೊನ್ನಾಳಿ, ನ್ಯಾಮತಿ, ಶಿಕಾರಿಪುರ, ಹಾವೇರಿ ಕಡೆ ಬರಲಿ. ಹೋರಿ ಬೆದರಿಸುವ ಹಬ್ಬದಲ್ಲಿ ಕೊಬ್ಬರಿ ಸರ, ಬಲೂನು ಕಟ್ಟಿಕೊಂಡು ಓಡುವ ಹೋರಿಗೆ ಸಿನಿಮಾ ನಟನಷ್ಟು ಅಭಿಮಾನಿಗಳು. ಅಜ್ಜಂಪುರ ಕೇಂದ್ರದ ಹೋರಿಕರುಗಳ ಹರಾಜಿಗೆ ಜನ ದೂರದೂರದಿಂದ ಬಂದು ಪೈಪೋಟಿಯಲ್ಲಿ ಕೂಗುತ್ತಾರೆ. ಫಿರಂಗಿ ಹೋಯಿತು, ಬಂಡಿ ಹೋಯಿತು. ಉಳಿದ ನೆಪ ಓಟ. ಹಬ್ಬದಲ್ಲಿ ಆಗುವ ಸಾವುನೋವಿನ ವಿಷಯ ಗಂಭೀರವೇ. ಆದರೆ ಆ ತಳಿಯ ಬೆಲೆಯನ್ನು ಇಷ್ಟಾದರೂ ಹಿಡಿದು ನಿಲ್ಲಿಸಿರುವುದರಲ್ಲಿ ಈ ಹುಚ್ಚಿನ ಪಾಲಿದೆ ಎಂಬುದನ್ನು ಅಲ್ಲಗಳೆಯಲಾರೆ.

ಇನ್ನೊಂದು ನೆಪ ಕಾಗದದ ಮೇಲೆ ತಯಾರಿದೆ. 2020ರ ಜನವರಿ 8ರಂದು ಒಡಿಶಾದ ಗಣಿಗಳಿಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಆಗಿನ ಮುಖ್ಯ ನ್ಯಾಯಮೂರ್ತಿ ಎಸ್.ಎ. ಬೊಬ್ಡೆ ಅವರ ಪೀಠ ಒಂದು ಆದೇಶ ಕೊಟ್ಟಿತು. ಗಣಿ ಮುಗಿದ ಮೇಲೆ ಗುತ್ತಿಗೆದಾರ ತನ್ನ ಖರ್ಚಿನಲ್ಲೇ ಆ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಬೇಕು. ಮೇವು, ಗಿಡಮರ, ಪ್ರಾಣಿಗಳಿಗೆ ಯೋಗ್ಯವಾಗುವಂತೆ ಅದನ್ನು ಹಿಂದಿರುಗಿಸಬೇಕು. ಈ ಷರತ್ತನ್ನು ಗುತ್ತಿಗೆಯಲ್ಲೇ ಸೇರಿಸಬೇಕು. ಮುಂದಿನ ವಾರವೇ, ಜನವರಿ 16ಕ್ಕೆ, ಕೇಂದ್ರ ಪರಿಸರ ಸಚಿವಾಲಯ ಪರಿಸರ ಅನುಮತಿಯ ಷರತ್ತುಗಳಿಗೆ ಇದನ್ನು ಸೇರಿಸಿ ಸುತ್ತೋಲೆ ಹೊರಡಿಸಿತು. ಸಸಿ ನೆಟ್ಟ ಲೆಕ್ಕಕ್ಕಷ್ಟೇ ಒಗ್ಗಿದ್ದ ಗಣಿ ಮುಚ್ಚುವ ಯೋಜನೆಗಳಲ್ಲಿ ಹುಲ್ಲು ಎಂಬ ಪದ ಅಧಿಕೃತವಾಗಿ ಬಂದದ್ದು ಹೀಗೆ.

ಇನ್ನು ಕೇಳಬೇಕಾದದ್ದು ಸಣ್ಣ ಸಣ್ಣ ಪ್ರಶ್ನೆಗಳು. ಗುಂಡಿ ತೋಡುವ ಮುಂಚೆ ಮೇಲ್ಮಣ್ಣನ್ನು ಬೇರೆ ರಾಶಿ ಹಾಕಿದ್ದಾರೆಯೇ? ಯಾವ ಹುಲ್ಲು: ನೀರು ಕೇಳುವ ಹೈಬ್ರಿಡ್ ಮೇವೋ, ನಮ್ಮ ಕರಡ, ಗರಿಕೆಯೋ? ಬೀಜ ಎಲ್ಲಿಂದ? ಬೆಳೆದ ಮೇಲೆ ಮೇಯಲು ಬಿಡುವುದು ಯಾರ ದನವನ್ನು, ಯಾವ ತಿಂಗಳಲ್ಲಿ? ಪಲವನಹಳ್ಳಿಯ ಕಡೆ ನಾಳೆ ಯಾರಾದರೂ ಚಿನ್ನಕ್ಕೆ ಅರ್ಜಿ ಹಾಕಿದರೆ ಪರಿಸರ ಸಾರ್ವಜನಿಕ ಅಹವಾಲು ಸಭೆ ಕರೆಯುತ್ತಾರೆ. ಶಾಮಿಯಾನದಡಿ ಜಿಲ್ಲಾಧಿಕಾರಿ ಕೂತಿರುತ್ತಾರೆ, ಮೈಕು ಇರುತ್ತದೆ, ಹೇಳಿದ್ದನ್ನೆಲ್ಲ ನಡಾವಳಿಯಲ್ಲಿ ಬರೆದುಕೊಳ್ಳಬೇಕೆಂದು ನಿಯಮವೇ ಇದೆ. ಉದ್ಯೋಗ ಎಷ್ಟು, ರಸ್ತೆ ಯಾವಾಗ ಎಂದು ಕೇಳುವವರ ಸಾಲಿನಲ್ಲಿ ಕುರಿ-ದನದ ಹಟ್ಟಿಯವರೊಬ್ಬರು ನಿಂತು, ಸಚಿವಾಲಯದ ಆ ಸುತ್ತೋಲೆಯ ತಾರೀಖು ಹೇಳಿ, ಈ ಮೇಲಿನ ನಾಲ್ಕು ಪ್ರಶ್ನೆ ಕೇಳಿದರೆ ಉತ್ತರ ಕೊಡುವುದು ಕಂಪನಿಯ ಕೆಲಸ.